ಸಸ್ಪೆನ್ಸ್ ಖಾತೆಯಲ್ಲಿ ಉಳಿದ ಎರಡು ಲಕ್ಷ

ನನ್ನದು ಲೆಕ್ಕ ತಪಾಸಣೆಯ ಕೆಲಸ. ಬೆಟಗೇರಿಯ ಮನೆಯಿಂದ ಬೆಳಗ್ಗೆ ಎಂಟಕ್ಕೆ ಬೈಕ್ ಹತ್ತಿದರೆ ಒಂದು ದಿನ ಲಕ್ಷ್ಮೇಶ್ವರ, ಒಂದು ದಿನ ಶಿರಹಟ್ಟಿ, ಮತ್ತೊಂದು ದಿನ ಮುಂಡರಗಿ. ಸೊಸೈಟಿಯ ಶಾಖೆಗಳಲ್ಲಿ ಕೂತು ವೋಚರ್ ತಿರುವಿ ಹಾಕೋದು, ಕ್ಯಾಶ್ ಎಣಿಸೋದು, ಪುಸ್ತಕಕ್ಕೂ ಕಂಪ್ಯೂಟರಿಗೂ ತಾಳೆ ನೋಡೋದು. ಹತ್ತು ರೂಪಾಯಿ ಹೆಚ್ಚುಕಮ್ಮಿ ಇದ್ದರೂ ಹಿಡೀತೀನಿ. ನಾನು ಬಂದೆ ಅಂದರೆ ಶಾಖೆಯವರು ಮೊದಲು ಚಹಾ ತರಿಸ್ತಾರೆ, ಮಾತು ಆಮೇಲೆ.

ನಮ್ಮ ಕೆಲಸದ ಒಂದು ಗುಟ್ಟು ಹೇಳ್ತೀನಿ. ಯಾವ ಖಾತೆಗೆ ಸೇರಬೇಕು ಅಂತ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ‘ಸಸ್ಪೆನ್ಸ್ ಖಾತೆ’ಯಲ್ಲಿ ಇಡ್ತಾರೆ. ವಿವರ ಸಿಕ್ಕ ಮೇಲೆ ಅದನ್ನು ಸರಿಯಾದ ಖಾತೆಗೆ ವರ್ಗಾಯಿಸಬೇಕು. ಆದರೆ ಕೆಲವು ಕಡೆ ಆ ಮೊತ್ತ ವರ್ಷದಿಂದ ವರ್ಷಕ್ಕೆ ಹಾಗೇ ಮುಂದೆ ಹೋಗ್ತಿರುತ್ತದೆ. ಎರಡೂ ಬದಿ ತಾಳೆಯಾಗುತ್ತವೆ, ಹಾಗಾಗಿ ಯಾರೂ ಕೇಳೋದಿಲ್ಲ.

ನನ್ನೊಳಗೂ ಅಂಥದ್ದೊಂದು ಖಾತೆ ಎರಡು ವರ್ಷದಿಂದ ನಡೀತಿತ್ತು. ಈ ಸಲದ ಅಂಕಣ ಅದರ ಬಗ್ಗೆ.

ಹೊರಗಿನಿಂದ ನೋಡಿದರೆ ನಾನು ಒಳ್ಳೆಯ ವಿಶ್ವಾಸಿ. ಫೋನಿನಲ್ಲಿ ಸತ್ಯವೇದದ ಆ್ಯಪ್ ಇದೆ. ಬೆಳಗ್ಗೆ ಆರಕ್ಕೆ ದಿನದ ವಚನ ಬರುತ್ತದೆ. ಒಂದು ದಿನವೂ ತಪ್ಪಿಸದೆ ಓದಿದ್ದಕ್ಕೆ ಆ್ಯಪ್ ಲೆಕ್ಕ ಇಡುತ್ತದೆ, ನನ್ನದು 412 ದಿನ ದಾಟಿತ್ತು. ಗೆಳೆಯರ ಗುಂಪಿಗೆ ಸ್ಕ್ರೀನ್‌ಶಾಟ್ ಕೂಡ ಹಾಕಿದ್ದೆ. ಆದರೆ ಎರಡು ಓಣಿ ಆಚೆ ಇರುವ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಚರ್ಚಿನಲ್ಲಿ ಅವನು ಎಡಕ್ಕೆ ಕೂತರೆ ನಾನು ಬಲಕ್ಕೆ. ನಡುವೆ ಅವ್ವ.

ಜಗಳ ಮನೆಯದು. ಅಪ್ಪ ಮಗ್ಗ ಹಾಕಿಕೊಂಡಿದ್ದ ಹಳೇ ಮನೆ ಅದು. ಅಪ್ಪ ತೀರಿಕೊಂಡ ಮೇಲೆ ನಾನು “ಸಮ ಪಾಲು ಆಗಬೇಕು” ಅಂದೆ. ಅಣ್ಣ “ಕೊನೀತನ ಅಪ್ಪ ಅವ್ವನ ನೋಡಿಕೊಂಡಾಂವ ನಾನು” ಅಂದ. ಅಲ್ಲಿಗೆ ನಿಂತಿತು. ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ, ಅಣ್ಣ ಅನ್ಯಾಯ ಮಾಡ್ತಿದ್ದಾನೆ. ಪ್ರಾರ್ಥನೆಯಲ್ಲೂ ಅದನ್ನೇ ಹೇಳ್ತಿದ್ದೆ. ದೇವರೇ, ಅವನ ಮನಸ್ಸು ಬದಲಿಸು.

ದಿನದ ವಚನ ಫೋನಿನ ಜೊತೆಗೆ ಬಂದದ್ದಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಾಕ್ಯ ಆರಿಸಿ ಮೊದಲ ಪುಸ್ತಕ ಅಚ್ಚು ಹಾಕಿದ್ದು 1731ಕ್ಕೆ, ಅದು ಇವತ್ತಿಗೂ ಪ್ರತಿ ವರ್ಷ ಬರುತ್ತದೆ. ನಮ್ಮ ಬೆಟಗೇರಿಗೆ 1841ರಲ್ಲಿ ಬಂದ ಬಾಸೆಲ್ ಮಿಷನ್ನಿನವರೂ ಅದೇ ಗಾಳಿಯಲ್ಲಿ ಬೆಳೆದವರು. ಈಗಲೂ ಊರಿನ ಹಿರಿಯರು ಅವರು ಕಟ್ಟಿದ್ದನ್ನು ‘ಜರ್ಮನ್ ದವಾಖಾನಿ’ ಅಂತಲೇ ಕರೀತಾರೆ. ಅವರು ನಂಬಿದ್ದು, ವಾಕ್ಯ ಓದಿದರೆ ಸಾಲದು, ಅದರ ಬೆಳಕಿನಲ್ಲಿ ಮನಸ್ಸನ್ನು ದಿನಾ ಪರೀಕ್ಷೆ ಮಾಡಿಕೊಳ್ಳಬೇಕು ಅಂತ. ಅವರು ಬರುವ ಹತ್ತು ವರ್ಷ ಮೊದಲೇ, 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ ಇಡೀ ಸತ್ಯವೇದ ಕನ್ನಡದಲ್ಲಿ ಬಂದಿತ್ತು. ಅಂದರೆ ನಮ್ಮ ಮುತ್ತಜ್ಜನ ಕಾಲದಿಂದ ವಾಕ್ಯ ನಮ್ಮ ಭಾಷೆಯಲ್ಲೇ ಇದೆ. ಅರ್ಥ ಆಗಲಿಲ್ಲ ಅಂತ ನೆಪ ಹೇಳೋ ಹಾಗಿಲ್ಲ.

ಕಳೆದ ತಿಂಗಳು, ಪ್ರಭುಭೋಜನದ ಹಿಂದಿನ ರಾತ್ರಿ, 139ನೇ ಕೀರ್ತನೆ ಓದ್ತಿದ್ದೆ. ಎಷ್ಟೋ ಸಲ ಓದಿದ್ದು. ಅವತ್ತು ಮಾತ್ರ ಒಂದು ಪ್ರಶ್ನೆ ಎದ್ದಿತು. ಆ ಕೀರ್ತನೆ ಶುರುವಾಗೋದೇ, ದೇವರು ನನ್ನನ್ನು ಪರೀಕ್ಷಿಸಿ ತಿಳಿದುಕೊಂಡಿದ್ದಾನೆ ಅನ್ನೋ ಮಾತಿನಿಂದ. ಕೂತದ್ದು, ಎದ್ದದ್ದು, ನಾಲಿಗೆಗೆ ಬರುವ ಮೊದಲೇ ಮಾತು, ಎಲ್ಲ ಅವನಿಗೆ ಗೊತ್ತು. ಆದರೆ 23ನೇ ವಚನದಲ್ಲಿ ಅದೇ ಭಕ್ತ ಮತ್ತೆ ಬೇಡಿಕೊಳ್ತಾನೆ, ನನ್ನನ್ನು ಪರೀಕ್ಷಿಸು ಅಂತ. ಈಗಾಗಲೇ ತಿಳಿದವನಿಗೆ ತಿಳಿದುಕೋ ಅಂತ ಯಾಕೆ ಕೇಳಬೇಕು?

ಲೆಕ್ಕದವನಿಗೆ ಇದು ಬಿಡಲಿಲ್ಲ. ಆದಿಕಾಂಡದ ಮೂರನೇ ಅಧ್ಯಾಯ ತೆಗೆದೆ. ಹಣ್ಣು ತಿಂದು ಮರಗಳ ಹಿಂದೆ ಅಡಗಿದ ಆದಾಮನನ್ನು ದೇವರು ಎಲ್ಲಿದ್ದೀ ಅಂತ ಕೇಳ್ತಾನೆ. ಅವನು ಎಲ್ಲಿದ್ದಾನೆ ಅನ್ನೋದು ದೇವರಿಗೆ ಗೊತ್ತಿರಲಿಲ್ಲವೇ? ಅದು ಹುಡುಕುವವನ ಪ್ರಶ್ನೆ ಅಲ್ಲ. ಆದಾಮನೇ ಬಾಯಿಬಿಟ್ಟು ಹೇಳಲಿ ಅಂತ ಕೊಟ್ಟ ಅವಕಾಶ.

ಆಮೇಲೆ ದಾವೀದ ನೆನಪಾದ. ಊರೀಯನ ಹೆಂಡತಿಯನ್ನು ತಗೊಂಡು, ಊರೀಯನನ್ನೇ ಯುದ್ಧದಲ್ಲಿ ಕೊಲ್ಲಿಸಿದ ರಾಜ. ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳ್ತಾನೆ: ಬಡವನ ಹತ್ತಿರ ಇದ್ದ ಒಂದೇ ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಕಥೆ. ಕೇಳಿದ ದಾವೀದನಿಗೆ ಎಲ್ಲಿಲ್ಲದ ಸಿಟ್ಟು. ಆ ಸಾಹುಕಾರ ಸಾಯಬೇಕು, ನಾಲ್ಕರಷ್ಟು ಕೊಡಬೇಕು ಅಂತ ತೀರ್ಪು ಕೊಟ್ಟೇ ಬಿಡ್ತಾನೆ. ಅದು ತನ್ನದೇ ಕಥೆ ಅಂತ ನಾತಾನ ತೋರಿಸುವವರೆಗೂ ಅವನಿಗೆ ಹೊಳೆದಿರಲಿಲ್ಲ. ಬೇರೆಯವರ ಪುಸ್ತಕದಲ್ಲಿ ತಪ್ಪು ಹಿಡಿಯೋದು ಅಷ್ಟು ಸಲೀಸು. ನನಗಂತೂ ಅದೇ ಸಂಬಳದ ಕೆಲಸ.

ಫೋನ್ ಪಕ್ಕಕ್ಕಿಟ್ಟು ಒಂದು ಹಾಳೆ ತಗೊಂಡೆ. ಶಾಖೆಯ ಲೆಕ್ಕ ನೋಡುವ ಹಾಗೆ ಮನೆಯ ಲೆಕ್ಕ ಬರೆಯುತ್ತಾ ಹೋದೆ. ಅಣ್ಣನಿಗೆ ಏನು ಬಂತು, ನನಗೆ ಏನು ಬಂತು. ಆಗ ಪೆನ್ನು ನಿಂತಿತು.

ನನ್ನ ಮದುವೆ ಹೊತ್ತಿಗೆ ಅಪ್ಪ ತನ್ನ ಠೇವಣಿ ಮುರಿಸಿ ಎರಡು ಲಕ್ಷ ಕೊಟ್ಟಿದ್ದ. “ಅಣ್ಣಗ ನೀ ಹೇಳಬ್ಯಾಡ, ನಾನ ಹೇಳ್ತೀನಿ” ಅಂದಿದ್ದ. ಆಮೇಲೆ ಅಪ್ಪ ಹೋದ. ಸಮ ಪಾಲು ಅಂತ ವಾದ ಮಾಡುವಾಗ ಆ ಎರಡು ಲಕ್ಷದ ಮಾತು ನಾನು ಒಮ್ಮೆಯೂ ಎತ್ತಿರಲಿಲ್ಲ. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಸಸ್ಪೆನ್ಸಿಗೆ ಹಾಕಿದ್ದೆ.

ಮರುದಿನ ರವಿವಾರ. ಪ್ರಭುಭೋಜನಕ್ಕೆ ಎಲ್ಲರೂ ಏಳ್ತಿದ್ದರು, ನಾನು ಕೂತೇ ಇದ್ದೆ. ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಕಿವಿಯಲ್ಲಿ ಕೊರೀತಿತ್ತು: ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅಂತ. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಇದೆ. ಎರಡು ವರ್ಷ ನಾನು ಅದನ್ನು ತಿರುಗಿಸಿ ಓದಿದ್ದೆ.

ಮಧ್ಯಾಹ್ನ ಹಳೇ ಮನೆಗೆ ಹೋದೆ. ವೈನಿ ಬಾಗಿಲು ತೆಗೆದು, ಏನೂ ಅನ್ನದೆ ಒಳಗೆ ಹೋದರು. ಅಣ್ಣ ಮಗ್ಗದ ಹತ್ತಿರ ಕೂತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯಿತು.

“ಅಣ್ಣಾ, ಮದುವಿ ಹೊತ್ತಿನ್ಯಾಗ ಅಪ್ಪ ನನಗ ಎರಡು ಲಕ್ಷ ಕೊಟ್ಟಿದ್ದ. ನಿನಗ ಹೇಳಿರಲಿಲ್ಲ.”

ಅವನು ತಲೆ ಎತ್ತಲಿಲ್ಲ. “ಗೊತ್ತೈತಿ ತಮ್ಮಾ. ಅಪ್ಪಾನ ಹೇಳಿದ್ದ.”

“ಮತ್ತ ಇಷ್ಟು ದಿನ ಯಾಕ ಕೇಳಲಿಲ್ಲ?”

“ನೀನ ಹೇಳ್ತಿ ಅಂತ ಕಾಯಾಕತ್ತಿದ್ದೆ.”

ಹಿಂದಿನ ರಾತ್ರಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಪಾಪ ಅರಿಕೆ ಮಾಡೋದು ಅಂದರೆ ದೇವರಿಗೆ ಹೊಸ ಸುದ್ದಿ ಮುಟ್ಟಿಸೋದಲ್ಲ. ಅವನಿಗೆ ಗೊತ್ತಿರೋದನ್ನು ನಾವು ನಮ್ಮ ಬಾಯಿಂದ ಹೇಳೋದು. ಅವನು ಕಾಯ್ತಿರುತ್ತಾನೆ. ದೂರ ಹೋದವರು ನಾವು, ಮುಚ್ಚಿಟ್ಟುಕೊಂಡಷ್ಟೂ ದೂರ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಮನೆ ಇನ್ನೂ ಪಾಲಾಗಿಲ್ಲ. ಆ ಎರಡು ಲಕ್ಷ ಈಗ ಲೆಕ್ಕದ ಹಾಳೆಯ ಮೇಲಿದೆ, ನನ್ನ ಪಾಲಿನಲ್ಲಿ ಕಳೀಬೇಕು ಅಂತ ನಾನೇ ಬರೆದು ಕೊಟ್ಟಿದ್ದೀನಿ. ವೈನಿ ಇನ್ನೂ ಸರಿಯಾಗಿ ಮಾತಾಡಿಲ್ಲ, ಅದಕ್ಕೆ ಅವರಿಗೆ ಕಾರಣ ಇದೆ. ಅಣ್ಣ ಮಾತ್ರ ದಿನಾ ಒಂದು ಸಲ ಫೋನ್ ಮಾಡ್ತಾನೆ. ಅವತ್ತು ರಾತ್ರಿ ಅವನ ಮನೆಯಲ್ಲೇ ರೊಟ್ಟಿ ಉಂಡು ತಡವಾಗಿ ಬಂದೆ, ಆ್ಯಪ್ ತೆಗೆಯೋದು ಮರೆತುಹೋಯಿತು. ಬೆಳಗ್ಗೆ ನೋಡಿದರೆ ನನ್ನ ಲೆಕ್ಕ ಸೊನ್ನೆಗೆ ಬಂದಿತ್ತು. ಬೇಜಾರಾಗಲಿಲ್ಲ.

ನನ್ನ ಹಾಗೆ ಓಡಾಟದ ಕೆಲಸದಲ್ಲಿರುವವರಿಗೆ, ಈ ಒಂದು ತಿಂಗಳಲ್ಲಿ ನಾನು ಕಲಿತಿದ್ದು ಇಷ್ಟು.

ಕಡಿಮೆ ಓದಿ, ಚುಚ್ಚಿದಲ್ಲಿ ನಿಲ್ಲಿ. ದಿನಕ್ಕೆ ಮೂರು ಅಧ್ಯಾಯ ಮುಗಿಸಲೇಬೇಕು ಅಂತಿಲ್ಲ. ವಾಕ್ಯ ಕೇಳಿ ಅದರಂತೆ ನಡೆಯದವನನ್ನು ಯಾಕೋಬ ತನ್ನ ಪತ್ರದಲ್ಲಿ, ಕನ್ನಡಿಯಲ್ಲಿ ಮುಖ ನೋಡಿಕೊಂಡು ಆಚೆ ಹೋದ ಕೂಡಲೇ ಮರೆಯುವವನಿಗೆ ಹೋಲಿಸ್ತಾನೆ. ನಾನು ಈಗ ಮುಂಡರಗಿಗೆ ಹೋಗುವ ದಿನ ಒಂದೇ ವಚನ ಇಟ್ಟುಕೊಂಡು ಹೊರಡ್ತೀನಿ. ಕಪ್ಪತಗುಡ್ಡದ ಸಾಲು ಕಾಣುವ ಹೊತ್ತಿಗೆ ಅದು ಎಲ್ಲೋ ಒಂದು ಕಡೆ ಮುಟ್ಟಿರುತ್ತದೆ.

ರಾತ್ರಿ ಹತ್ತು ನಿಮಿಷ ಇಡಿ, ಮತ್ತು ಕೃತಜ್ಞತೆಯಿಂದ ಶುರು ಮಾಡಿ. 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರೀಕ್ಷೆಯ ಮೊದಲ ಹೆಜ್ಜೆ ತಪ್ಪು ಹುಡುಕೋದಲ್ಲ, ಸಿಕ್ಕಿದ್ದಕ್ಕೆ ದೇವರಿಗೆ ವಂದನೆ ಹೇಳೋದು. ಆಮೇಲೆ ಬೆಳಕು ಬೇಡಿ, ದಿನವನ್ನು ಬೆಳಗ್ಗೆಯಿಂದ ತಿರುವಿ ನೋಡೋದು.

ಪರೀಕ್ಷೆ ಒಂದು ಹೆಸರಿನಲ್ಲಿ ಮುಗಿಯಲಿ: ಯಾರಿಗೆ ಏನು ಹೇಳಬೇಕು, ಏನು ತಿರುಗಿ ಕೊಡಬೇಕು. ಲೂಕನ 19ನೇ ಅಧ್ಯಾಯದ ಸುಂಕದ ಜಕ್ಕಾಯ ಯೇಸುವಿನ ಮುಂದೆ ಬರೀ ಕಣ್ಣೀರು ಹಾಕಲಿಲ್ಲ, ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡ್ತೀನಿ ಅಂತ ಅಂಕಿಯಲ್ಲಿ ಹೇಳಿದ.

ಒಂದು ಎಚ್ಚರಿಕೆಯೂ ಇದೆ. ಆತ್ಮಪರೀಕ್ಷೆ ಅಂದರೆ ತನ್ನನ್ನು ತಾನೇ ಹಳಿದುಕೊಳ್ಳೋದಲ್ಲ. ಯೂದನೂ ಪಶ್ಚಾತ್ತಾಪಪಟ್ಟ, ಪೇತ್ರನೂ ಅತ್ತ. ಒಬ್ಬ ಒಂಟಿಯಾಗಿ ಕತ್ತಲಿಗೆ ಹೋದ, ಇನ್ನೊಬ್ಬ ಗೆಳೆಯರ ನಡುವೆ ಉಳಿದ, ಹಾಗಾಗಿ ಯೇಸು ದಡದಲ್ಲಿ ಕಾದಿದ್ದಾಗ ದೋಣಿಯಿಂದ ನೀರಿಗೆ ಧುಮುಕಿ ಅವನ ಹತ್ತಿರ ಹೋದ. ಪೌಲ ಕೊರಿಂಥದವರಿಗೆ ಬರೆದಾಗಲೂ, ಪರೀಕ್ಷೆ ಮಾಡಿಕೊಂಡು ದೂರ ಉಳಿಯಿರಿ ಅನ್ನಲಿಲ್ಲ, ಪರೀಕ್ಷೆ ಮಾಡಿಕೊಂಡು ಭೋಜನಕ್ಕೆ ಬನ್ನಿ ಅಂದ. ಪ್ರತಿ ರಾತ್ರಿ ಮನಸ್ಸು ಕುಗ್ಗುತ್ತಲೇ ಹೋಗುತ್ತಿದ್ದರೆ ಒಬ್ಬರೇ ಇರಬೇಡಿ. ಸಭಾಪಾಲಕರ ಹತ್ತಿರ, ಗೆಳೆಯರ ಹತ್ತಿರ, ಬೇಕಾದರೆ ಡಾಕ್ಟರ ಹತ್ತಿರ ಹೋಗಿ ಮಾತಾಡಿ.

ಈ ತಿಂಗಳ ಪ್ರಭುಭೋಜನಕ್ಕೆ ನಾನು ಎದ್ದೆ. ಅಣ್ಣ ನನ್ನ ಮುಂದಿದ್ದ, ಅವ್ವ ನಮ್ಮಿಬ್ಬರ ಹಿಂದೆ.

ನಿಮ್ಮ ಸಸ್ಪೆನ್ಸ್ ಖಾತೆಯಲ್ಲಿ ಏನಿದೆಯೋ ನನಗೆ ಬರೆದು ಕಳಿಸಬೇಡಿ. ಅದನ್ನು ಯಾರಿಗೆ ಹೇಳಬೇಕೋ ಅವರು ಬಹುಶಃ ಎರಡು ಓಣಿ ಆಚೆಯೇ ಇದ್ದಾರೆ. ಅವರಿಗೂ ಆಗಲೇ ಗೊತ್ತಿರಬಹುದು.