ಓರಿಯನ್ ಹೆಸರು ಯಾರದು? ನಾಲ್ಕು ಆಕ್ಷೇಪಗಳಿಗೆ ಉತ್ತರ

ಓರಿಯನ್ ಎಂಬ ನಕ್ಷತ್ರಪುಂಜದ ಹೆಸರು ನಮಗೆ ಬಂದದ್ದು ಗ್ರೀಕರಿಂದ, ಆದರೆ ಅದರ ಮೂಲಾರ್ಥ ಇನ್ನೂ ತೀರ್ಮಾನವಾಗಿಲ್ಲ ಎಂಬುದು ನನ್ನ ನಿಲುವು. ಇದಕ್ಕೆ ಎದುರಾಗಿ ಮತ್ತೆ ಮತ್ತೆ ಕೇಳಿಬರುವ ನಾಲ್ಕು ವಾದಗಳನ್ನು ಒಂದೊಂದಾಗಿ ಪರಿಶೀಲಿಸುತ್ತೇನೆ.

1. ‘ಅದು ಸಂಸ್ಕೃತದ ಆಗ್ರಯಣ, ತಿಲಕರೇ ಹೇಳಿದ್ದಾರೆ.’

ಹೇಳಿದ್ದು ನಿಜ. ಬಾಲಗಂಗಾಧರ ತಿಲಕರ ‘ದಿ ಓರಿಯನ್’ 1893ರಲ್ಲಿ ಪ್ರಕಟವಾಯಿತು. ವಸಂತ ವಿಷುವ ಮೃಗಶಿರೆಯಲ್ಲಿದ್ದ ಕಾಲವನ್ನು ಹಿಡಿದು ವೇದಗಳ ಪ್ರಾಚೀನತೆಯನ್ನು ಅಳೆಯಲು ಅವರು ಹೊರಟದ್ದು ದೊಡ್ಡ ಸಾಹಸ; ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹೆಸರಿನ ಪ್ರಶ್ನೆಯನ್ನು ಭಾಷೆಯ ನಿಯಮಗಳಿಂದಲೇ ಇತ್ಯರ್ಥಪಡಿಸಬೇಕು. ಆಗ್ರಯಣವು ಓರಿಯನ್ ಆಗಬೇಕಾದರೆ ‘ಗ್ರ’ದೊಳಗಿನ ಗಕಾರ ಗ್ರೀಕಿನಲ್ಲಿ ಬಿದ್ದುಹೋಗಬೇಕು. ಅದು ಹಾಗೆ ಬೀಳುವುದಿಲ್ಲ. ಬಯಲು ಎಂಬರ್ಥದ ಸಂಸ್ಕೃತದ ‘ಅಜ್ರ’ಕ್ಕೆ ಗ್ರೀಕಿನ ಸೋದರ ಪದ ‘ಅಗ್ರೊಸ್’. ಗಕಾರ ಗಟ್ಟಿಯಾಗಿ ನಿಂತಿದೆ. ಸಾಲದ್ದಕ್ಕೆ ಪಿಂಡರ್ ಕವಿ ಈ ಹೆಸರನ್ನು ‘ಓಅರಿಯೋನ್’ ಎಂದು ಬಳಸುತ್ತಾನೆ. ಈ ಹಳೆಯ ರೂಪದಲ್ಲಿ ರಕಾರದ ಹಿಂದೆ ಇರುವುದು ಬರಿಯ ಸ್ವರಗಳು. ಗಕಾರದ ಸುಳಿವೇ ಇಲ್ಲ.

2. ‘ಮಹಾವ್ಯಾಧ ನಮ್ಮ ಕಲ್ಪನೆ, ಬೇಟೆಗಾರನನ್ನು ಗ್ರೀಕರು ನಮ್ಮಿಂದ ಪಡೆದರು.’

ಐತರೇಯ ಬ್ರಾಹ್ಮಣವನ್ನು ತೆರೆದು ನೋಡಿ. ಮಗಳ ಬೆನ್ನುಹತ್ತಿದ ಪ್ರಜಾಪತಿ ಜಿಂಕೆಯಾಗುತ್ತಾನೆ. ಬಾಣಕ್ಕೆ ಗುರಿಯಾಗಿ ಆಕಾಶದಲ್ಲಿ ಮೃಗವಾಗುತ್ತಾನೆ. ಹೊಡೆದವನು ಮೃಗವ್ಯಾಧ, ಮಗಳು ರೋಹಿಣಿ, ಮೂರು ಭಾಗದ ಬಾಣವೂ ಅಲ್ಲೇ ಇದೆ. ಮೃಗವ್ಯಾಧನೆಂದರೆ ನಾವು ಲುಬ್ಧಕ ಎನ್ನುವ ಉಜ್ವಲ ತಾರೆ. ಅಂದರೆ ನಮ್ಮ ಕಥೆಯಲ್ಲಿ ಓರಿಯನ್ನಿನ ಜಾಗದಲ್ಲಿರುವುದು ಬೇಟೆ, ಬೇಟೆಗಾರ ಅದರಾಚೆಗಿದ್ದಾನೆ. ಗ್ರೀಕರಲ್ಲಿ ಓರಿಯನ್ನೇ ಬೇಟೆಗಾರ; ಲುಬ್ಧಕವು ‘ಇಲಿಯಡ್’ ಕಾವ್ಯದಲ್ಲಿ ಅವನ ನಾಯಿ. ಪಾತ್ರಗಳೇ ಅದಲುಬದಲಾಗಿರುವಾಗ ಸಾಲ ಪಡೆದರೆಂಬ ಮಾತು ನಿಲ್ಲದು. ಇಡೀ ಪುಂಜವನ್ನು ಮಹಾವ್ಯಾಧ ಎಂದು ಕರೆಯುವ ಇಂದಿನ ಖಗೋಳ ಪುಸ್ತಕಗಳು ಗ್ರೀಕ್ ಚಿತ್ರವನ್ನೇ ಅನುಸರಿಸುತ್ತಿವೆ.

3. ‘ಅದು ಸುಮೇರಿಯನ್ನರ ಉರು-ಅನ್ನ, ಆಕಾಶದ ಬೆಳಕು.’

ಮೆಸೊಪೊಟೇಮಿಯದ ನಕ್ಷತ್ರ ಗ್ರಂಥವಾದ ‘ಮುಲ್ ಅಪಿನ್’ ಈ ಪುಂಜವನ್ನು ಕರೆಯುವುದು ‘ಸಿಪಾ-ಜಿ-ಅನ್ನ’ ಎಂದು: ಅನು ದೇವತೆಯ ನಿಷ್ಠಾವಂತ ಕುರುಬ. ‘ಉರುಅನ್ನ’ ಎಂಬ ಶಬ್ದ ಕ್ಯೂನಿಫಾರ್ಮ್ ಫಲಕಗಳಲ್ಲಿ ಇದೆ, ಆದರೆ ಅದು ಗಿಡದ ಹೆಸರು. ಔಷಧಿ ಸಸ್ಯಗಳ ಒಂದು ಪ್ರಸಿದ್ಧ ಪಟ್ಟಿ ಅದರಿಂದಲೇ ಶುರುವಾಗುತ್ತದೆ. ಉಚ್ಚಾರದ ಹೋಲಿಕೆಯೊಂದನ್ನೇ ನೆಚ್ಚಿಕೊಂಡು ಗಿಡವನ್ನು ನಕ್ಷತ್ರವಾಗಿಸಲಾಗದು.

4. ‘ಗ್ರೀಕ್ ಪುರಾಣವೇ ಅರ್ಥ ಹೇಳಿರುವಾಗ ಅನುಮಾನವೇಕೆ?’

ಬಿಯೋಷಿಯದ ಹೈರಿಯಸ್‌ಗೆ ಮಕ್ಕಳಿರಲಿಲ್ಲ. ಅತಿಥಿಗಳಾಗಿ ಬಂದ ಮೂವರು ದೇವತೆಗಳು ಎತ್ತಿನ ಚರ್ಮದ ಮೇಲೆ ಮೂತ್ರ ಮಾಡಿ ಹೂಳಿಸಿದರು, ಹುಟ್ಟಿದ ಮಗುವಿಗೆ ಮೂತ್ರದಿಂದಲೇ ಹೆಸರು ಬಂತು ಎಂಬ ಕಥೆಯಿದೆ. ರೋಮಿನ ಓವಿಡ್ ಇದನ್ನು ‘ಫಾಸ್ಟಿ’ಯಲ್ಲಿ ವಿಸ್ತರಿಸಿದ್ದಾನೆ. ಆದರೆ ಅದಕ್ಕಿಂತ ಎಷ್ಟೋ ಹಿಂದಿನ ಹೋಮರನಿಗೆ ಈ ಸಂಗತಿಯೇ ಬೇಕಾಗಿಲ್ಲ: ಅವನ ಓರಿಯನ್ ಪಾತಾಳದಲ್ಲೂ ಕಂಚಿನ ಗದೆ ಹಿಡಿದು ಮೃಗಗಳನ್ನು ಅಟ್ಟುವ ವೀರ. ಹೆಸಿಯಡ್‌ನಿಗೆ ಅವನು ಒಕ್ಕಣೆ, ದ್ರಾಕ್ಷಿ ಕೊಯ್ಲುಗಳ ಕಾಲ ತೋರಿಸುವ ನಕ್ಷತ್ರ. ಇನ್ನೊಂದು ಪರಂಪರೆಯಲ್ಲಿ ಅವನು ಸಮುದ್ರದೇವ ಪೊಸೈಡನ್ನನ ಮಗ. ಗ್ರೀಕಿನ ಮೂತ್ರವಾಚಕ ‘ಊರೊನ್’ ಪದಕ್ಕೂ ‘ಓಅರಿಯೋನ್’ ರೂಪಕ್ಕೂ ತಾಳೆಯಾಗುವುದಿಲ್ಲ. ಹೆಸರು ಮೊದಲಿತ್ತು, ಅದನ್ನು ಬಿಡಿಸಿ ಹೇಳಲು ಕಥೆ ಆಮೇಲೆ ಹುಟ್ಟಿತು. ಜನರ ನಿರುಕ್ತಿ ಎಲ್ಲ ನಾಡುಗಳಲ್ಲೂ ಹೀಗೆಯೇ ಬೆಳೆಯುತ್ತದೆ.

ಇಷ್ಟರಿಂದ ನಮ್ಮ ಮೃಗಶಿರೆಯ ಘನತೆ ಒಂದಿಷ್ಟೂ ಕುಗ್ಗುವುದಿಲ್ಲ. ಅದೇ ನಕ್ಷತ್ರಗಳನ್ನು ನೋಡಿ ನಮ್ಮವರು ಜಿಂಕೆಯನ್ನೂ ಗ್ರೀಕರು ವೀರನನ್ನೂ ಬಾಬಿಲೋನಿನವರು ಕುರುಬನನ್ನೂ ಕಂಡರು. ಮೂರೂ ಸ್ವತಂತ್ರವಾಗಿ ನಿಲ್ಲುವ ಕಲ್ಪನೆಗಳು. ಒಂದನ್ನು ಇನ್ನೊಂದರ ಅಪಭ್ರಂಶ ಎಂದರೆ ಎರಡಕ್ಕೂ ಅನ್ಯಾಯ. ಆಗ್ರಯಣದ ವಾದವನ್ನು ಇನ್ನೂ ಹಿಡಿದಿರುವವರು ‘ಗ್ರ’ದ ಗಕಾರ ಗ್ರೀಕಿನಲ್ಲಿ ಹಾಗೆ ಅಳಿದ ಒಂದು ಖಚಿತ ಉದಾಹರಣೆಯನ್ನಾದರೂ ಮುಂದಿಡಲಿ. ಅಲ್ಲಿಯವರೆಗೆ ಈ ವ್ಯುತ್ಪತ್ತಿಯನ್ನು ಮಕ್ಕಳಿಗೆ ನಿಜವೆಂದು ಕಲಿಸಬಾರದು.