ಮುಡಿಯುವ ಮಲ್ಲಿಗೆ ಟೀ ಲೋಟಕ್ಕೂ ಬರಲಿ

ಮಲ್ಲಿಗೆ ಮುಡಿದಿದ್ದೀರಿ. ಮಾದಪ್ಪನಿಗೆ ಏರಿಸಿದ್ದೀರಿ. ಮದುವೆ ಮನೆಯಲ್ಲಿ ಮೊಳಗಟ್ಟಲೆ ಹಂಚಿದ್ದೀರಿ. ಕುಡಿದಿದ್ದೀರಾ?

ನಾವೂ ಕುಡಿದಿರಲಿಲ್ಲ. ನೀಲಗಿರಿ ಕಡೆ ಹೋಗಿದ್ದ ಗೆಳೆಯರೊಬ್ಬರು ಒಂದು ಸಣ್ಣ ಪೊಟ್ಟಣ ತಂದುಕೊಟ್ಟರು. ಅದು ಮಲ್ಲಿಗೆ ಪರಿಮಳ ಹಿಡಿಸಿದ ಊಲಾಂಗ್ ಟೀ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಅರ್ಧ ಟೀ ಕುಡಿದುಕೊಂಡೇ ಸುದ್ದಿ ಬರೆಯುವವರು ನಾವು. ಹಾಲಿಲ್ಲ, ಸಕ್ಕರೆಯಿಲ್ಲ ಅಂದರೆ ಜ್ವರ ಬಂದವರ ಕಷಾಯ ಅನ್ನುವವರ ಪೈಕಿ. ಮೊದಲ ಗುಟುಕಿಗೆ ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಹೂವಿನ ವಾಸನೆ ಮೂಗಿಗೆ ಏರಿತು. ಸಂಜೆ ಹೊತ್ತು ಯಾರದೋ ಮನೆ ಹಿತ್ತಲು ದಾಟಿ ಹೋಗುವಾಗ ಬರುತ್ತದಲ್ಲ, ಅದೇ. ಲೋಟ ಖಾಲಿಯಾದ ಮೇಲೂ ಬಾಯಲ್ಲಿ ತೆಳ್ಳಗೆ ಸಿಹಿ ಉಳಿದಿತ್ತು. ಸಕ್ಕರೆ ಒಂದು ಕಾಳೂ ಹಾಕಿರಲಿಲ್ಲ.

ಊಲಾಂಗ್ ಅಂದರೆ ಬೇರೆ ಗಿಡವಲ್ಲ. ಟೀ ಗಿಡ ಒಂದೇ, ಮಾಡುವ ರೀತಿ ಬೇರೆ. ನಾವು ದಿನಾ ಕುಡಿಯುವ ಸಿಟಿಸಿ ಟೀಯಲ್ಲಿ ಎಲೆಯನ್ನು ಯಂತ್ರಕ್ಕೆ ಕೊಟ್ಟು ಜಜ್ಜಿ, ಹರಿದು, ಸುರುಳಿ ಮಾಡಿ, ಗಾಳಿಗೆ ಪೂರ್ತಿ ಬಣ್ಣ ತಿರುಗಲು ಬಿಡುತ್ತಾರೆ. ಅದಕ್ಕೇ ಹಾಲು ಸುರಿದರೂ ಅದರ ಖಡಕ್ಕು ಹೋಗುವುದಿಲ್ಲ. ಗ್ರೀನ್ ಟೀಯಲ್ಲಿ ಬಣ್ಣ ತಿರುಗುವ ಮೊದಲೇ ಬಿಸಿ ಕೊಟ್ಟು ನಿಲ್ಲಿಸುತ್ತಾರೆ. ಊಲಾಂಗ್ ಇವೆರಡರ ನಡುವಿನದು. ಎಲೆಯನ್ನು ಬಾಡಿಸಿ, ಅಂಚು ನಲುಗುವಂತೆ ಅಲ್ಲಾಡಿಸಿ, ಅರ್ಧ ಬಣ್ಣ ತಿರುಗಿದಾಗ ತಡೆಯುತ್ತಾರೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಥರದ ಕೆಲಸ.

ಇನ್ನು ಮಲ್ಲಿಗೆ ವಿಷಯ. ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಫುಝೌ ಎಂಬ ಊರಿದೆ. ಮಲ್ಲಿಗೆ ಟೀಗೆ ಹೆಸರಾದ ಊರು. ಅಲ್ಲಿಯ ಮಲ್ಲಿಗೆ-ಟೀ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಚ್ಚಾಗಿ ಗ್ರೀನ್ ಟೀಗೆ, ಕೆಲವರು ಊಲಾಂಗಿಗೆ ಹೂವಿನ ಪರಿಮಳ ಹಿಡಿಸುತ್ತಾರೆ. ಹಗಲು ಕಿತ್ತ ಮೊಗ್ಗು ರಾತ್ರಿ ಬಿರಿಯುತ್ತದೆ. ಬಿರಿಯುವ ಹೊತ್ತಿಗೆ ಅದನ್ನು ಟೀ ಎಲೆಯ ಜೊತೆ ಬೆರೆಸಿ ರಾಶಿ ಹಾಕುತ್ತಾರೆ. ಒಣ ಟೀ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಸೋತ ಹೂವನ್ನು ಜರಡಿ ಹಿಡಿದು ತೆಗೆದು, ಟೀಯನ್ನು ಮತ್ತೆ ಒಣಗಿಸಿ, ಮರುರಾತ್ರಿ ಹೊಸ ಹೂವು ಹಾಕುತ್ತಾರೆ. ಒಳ್ಳೆಯ ಟೀಗೆ ಹೀಗೆ ಐದಾರು ಸಲವೂ ಮಾಡುವುದುಂಟು. ಬಳಸುವುದು ನಮ್ಮ ದುಂಡು ಮಲ್ಲಿಗೆಯ ಜಾತಿಯ ಹೂವನ್ನೇ.

ಇದನ್ನು ತಿಳಿದ ಮೇಲೆ ನಮಗೆ ನೆನಪಾದದ್ದು ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವ ಅಕ್ಕ. ಬೇಸಿಗೆಯಲ್ಲಿ ಗಿಡದ ತುಂಬ ಹೂವು, ಆದರೆ ರೇಟಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಕೇಳುವವರಿಲ್ಲ. ಚಳಿಗಾಲದಲ್ಲಿ ರೇಟಿದೆ, ಹೂವಿಲ್ಲ. ರಾತ್ರಿ ಎಂಟಕ್ಕೆ ಬುಟ್ಟಿಯಲ್ಲಿ ಉಳಿದದ್ದು ಬೆಳಿಗ್ಗೆಗೆ ಕಸ. ಒಂದೇ ರಾತ್ರಿಯಲ್ಲಿ ಸಾಯುವ ಪರಿಮಳವನ್ನು ತಿಂಗಳುಗಟ್ಟಲೆ ಹಿಡಿದಿಡುವ ಕೆಲಸ ಒಂದಿದೆ ಅಂದಮೇಲೆ, ಕೊಳ್ಳೇಗಾಲ, ಹನೂರು, ಯಳಂದೂರಿನವರು ಅದನ್ನು ಕಲಿಯಬಾರದೇಕೆ? ಗುಂಡ್ಲುಪೇಟೆ ಕಡೆ ಚೆಂಡು ಹೂವನ್ನು ಹಾರಕ್ಕಷ್ಟೇ ಅಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೂ ಬೆಳೆಯುತ್ತಾರೆ. ಟೀ ಎಲೆಯಂತೂ ಬಂಡೀಪುರ ಕಾಡು ದಾಟಿದರೆ ಸಿಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ, ಮುಚ್ಚಿಡಬಾರದು. ಮಾರ್ಕೆಟ್ಟಿನ ಮಲ್ಲಿಗೆಯನ್ನು ಟೀಗೆ ಹಾಕಬೇಡಿ. ಮೊಗ್ಗು ಕೊರೆಯುವ ಹುಳಕ್ಕೆ, ನುಸಿಗೆ ಔಷಧಿ ಹೊಡೆದಿರುತ್ತಾರೆ. ತಲೆಗೆ ಮುಡಿಯುವುದು ತಾನೇ, ಯಾರು ತಿನ್ನುತ್ತಾರೆ ಎಂಬ ಲೆಕ್ಕ. ಈ ಮಾತಿಗೆ ನಮ್ಮ ಊರಲ್ಲೇ ಉತ್ತರ ಇದೆ. ಕೊಳ್ಳೇಗಾಲ ಸೀಮೆ ರೇಷ್ಮೆ ಸೀಮೆ. ಔಷಧಿ ಬಿದ್ದ ಸೊಪ್ಪು ಹಾಕಿದರೆ ಹುಳು ಸಾಯುತ್ತದೆ, ಗೂಡು ಕಟ್ಟುವುದಿಲ್ಲ ಎಂದು ಹುಳು ಸಾಕಿದ ಮನೆಯ ಮಕ್ಕಳಿಗೂ ಗೊತ್ತು. ಪಕ್ಕದ ಹೊಲದವರು ಔಷಧಿ ಹೊಡೆದರೆ ಜಗಳಕ್ಕೇ ಹೋಗುತ್ತೇವೆ. ಹುಳುವಿನ ಬಾಯಿಗೆ ತೋರಿಸುವ ಎಚ್ಚರವನ್ನು ಮನುಷ್ಯರ ಬಾಯಿಗೂ ತೋರಿಸಿದರೆ ಮಲ್ಲಿಗೆ ಟೀಗೆ ಬೇಕಾದ ಹೂವು ಇಲ್ಲೇ ಸಿಗುತ್ತದೆ.

ಸದ್ಯಕ್ಕೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇರುವ ನಾಲ್ಕು ಗಿಡ ಸಾಕು. ನಾವು ಮಾಡಿದ್ದು ಹೀಗೆ. ಆ ರಾತ್ರಿ ಅರಳುವಂಥ ಬಲಿತ ಬಿಳಿ ಮೊಗ್ಗನ್ನು ಸಂಜೆ ಕಿತ್ತೆವು. ಒದ್ದೆಯಿರಬಾರದು. ಸ್ಟೀಲ್ ಡಬ್ಬಿಯಲ್ಲಿ ಒಂದು ಪದರ ಟೀ, ಒಂದು ಪದರ ಮೊಗ್ಗು ಹಾಕಿ ಮುಚ್ಚಿದೆವು. ಬೆಳಿಗ್ಗೆ ಹೂವು ಆರಿಸಿ ತೆಗೆದೆವು. ಟೀಗೆ ಹೂವಿನ ತೇವ ಹತ್ತಿರುತ್ತದೆ. ತವ ಬಿಸಿ ಮಾಡಿ, ಒಲೆ ಆರಿಸಿ, ಅದರ ಮೇಲೆ ಹರಡಿ ಗರಿಗರಿಯಾಗುವವರೆಗೆ ಒಣಗಿಸಬೇಕು. ಹೀಗೆ ಮೂರು ರಾತ್ರಿ. ಮೊದಲ ಸಲ ನಾವು ಸರಿಯಾಗಿ ಒಣಗಿಸಲಿಲ್ಲ. ಬೂಷ್ಟು ಹಿಡಿದು ಎಲ್ಲ ತಿಪ್ಪೆ ಸೇರಿತು. ಊಲಾಂಗ್ ದುಬಾರಿ ಅನ್ನಿಸಿದರೆ ಗ್ರೀನ್ ಟೀ ಎಲೆಯಲ್ಲೂ ಮಾಡಬಹುದು. ಹೂವು ಮಾತ್ರ ಮಲ್ಲಿಗೆಯೇ ಆಗಬೇಕು. ವಾಸನೆ ಚೆನ್ನಾಗಿದೆ ಎಂದು ರಾತ್ರಿರಾಣಿ, ಕಣಗಿಲೆ ಮುಟ್ಟಬೇಡಿ, ಅವು ವಿಷ.

ಕುಡಿಯುವಾಗ ಕುದಿಸಬೇಡಿ. ನೀರು ಕುದಿ ಬಂದ ಮೇಲೆ ಇಳಿಸಿ ಒಂದು ನಿಮಿಷ ಬಿಟ್ಟು, ಒಂದು ಲೋಟಕ್ಕೆ ಒಂದು ಚಮಚ ಎಲೆ ಹಾಕಿ ಮೂರು ನಿಮಿಷ ಮುಚ್ಚಿಡಿ, ಸೋಸಿ. ಅದೇ ಊಲಾಂಗ್ ಎಲೆಗೆ ಇನ್ನೂ ಎರಡು ಸಲ ಬಿಸಿನೀರು ಹಾಕಬಹುದು. ಗಡಿಬಿಡಿಯಲ್ಲಿ ಕುಡಿಯುವ ಟೀ ಅಲ್ಲ ಇದು. ಕೆಲಸವೆಲ್ಲ ಮುಗಿದ ಮೇಲೆ ಜಗಲಿ ಮೇಲೆ ಕೂತು ಕುಡಿಯಬೇಕು. ಹಳ್ಳಿಯವರಿಗೆ ಇಂಥ ಸೊಗಸೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಬೆಳಗಿನ ಜಾವ ಎದ್ದು ಹೂವು ಬಿಡಿಸುವವರೇ ಅದರ ಸೊಗಸು ಕಾಣದಿದ್ದರೆ ಇನ್ಯಾರು ಕಾಣಬೇಕು?

ನಾಳೆಯೇ ಇದರಿಂದ ದುಡ್ಡು ಬರುತ್ತದೆ ಎಂದು ನಾವು ಹೇಳುತ್ತಿಲ್ಲ. ಮಾರಬೇಕಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು, ಹೂವಿನಲ್ಲಿ ವಿಷವಿಲ್ಲ ಎಂಬ ಪರೀಕ್ಷೆ ಬೇಕು. ಅದಕ್ಕೇ ತೋಟಗಾರಿಕೆ ಇಲಾಖೆ ಮತ್ತು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ನಮ್ಮ ಬೇಡಿಕೆ ಸಣ್ಣದು. ತಾಲ್ಲೂಕಿಗೊಂದು ಸ್ತ್ರೀಶಕ್ತಿ ಸಂಘ ಆರಿಸಿಕೊಳ್ಳಿ. ಔಷಧಿ ಹೊಡೆಯದೆ ಒಂದು ಕುಂಟೆ ಮಲ್ಲಿಗೆ ಬೆಳೆಸಿ ತೋರಿಸಿ. ಒಂದು ಬೇಸಿಗೆ ಟೀ ಮಾಡಿಸಿ ನೋಡಿ. ಲಾಭವೋ ನಷ್ಟವೋ, ಲೆಕ್ಕವನ್ನು ಎಲ್ಲರ ಮುಂದಿಡಿ.

ಹೂವಿನ ಅಕ್ಕನಿಗೆ ಫ್ಲಾಸ್ಕಿನಲ್ಲಿ ಒಂದು ಲೋಟ ಒಯ್ದುಕೊಟ್ಟೆವು. ಮೂಸಿ ನೋಡಿದರು, ಕುಡಿದರು. “ಚೆನ್ನಾಗದೆ ಕನಪ್ಪ, ಒಸಿ ಸಕ್ಕರೆ ಹಾಕ್ಬೇಕಿತ್ತು” ಅಂದರು. ಆಮೇಲೆ ಬುಟ್ಟಿ ಕಡೆ ನೋಡಿ, “ಈ ಹೂವಲ್ಲಿ ಆಗಕಿಲ್ವಾ?” ಎಂದು ಕೇಳಿದರು. ಔಷಧಿ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹಿತ್ಲಲ್ಲಿ ಮೂರು ಗಿಡ ಅವೆ” ಅಂದರು.