ತಳಿಯನ್ನರಿಯದೆ ನೆಟ್ಟ ಕಾಡುಹರಳು

ಆಡುಕುರಿಗಳು ಬಾಯಿ ಹಾಕವೆಂಬ ಒಂದು ಗುಣದಿಂದಲೇ ನಮ್ಮ ಹೊಲಗಳ ಅಂಚಿನಲ್ಲಿ ಬೇಲಿಯ ಗಿಡವಾಗಿ ಬಾಳಿಕೊಂಡು ಬಂದಿದ್ದ ಕಾಡುಹರಳು, ಈ ಶತಮಾನದ ಆರಂಭದಲ್ಲಿ ಜಟ್ರೋಫಾ ಎಂಬ ಹೆಸರಿನಿಂದ ರಾಷ್ಟ್ರದ ಇಂಧನಚಿಂತೆಗೆ ಪರಿಹಾರವೆನಿಸಿಕೊಂಡಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಪಾಳುಭೂಮಿಗಳಲ್ಲಿ ಇದನ್ನು ವಿಪುಲವಾಗಿ ಬೆಳೆಸಬೇಕೆಂದು ಸೂಚಿಸಿತು. 2009ರ ಜೈವಿಕ ಇಂಧನ ನೀತಿಯು 2017ರ ವೇಳೆಗೆ ಡೀಸೆಲಿನಲ್ಲಿ ಶೇಕಡ 20ರಷ್ಟು ಜೈವಿಕ ಡೀಸೆಲ್ ಬೆರೆಯಬೇಕೆಂಬ ಗುರಿಯನ್ನು ಮುಂದಿಟ್ಟಿತು. ಗುರಿ ಕೈಗೂಡಲಿಲ್ಲ. ಕಾರಣಗಳು ಹಲವಿದ್ದರೂ, ಮೊದಲು ಆಗಬೇಕಾಗಿದ್ದ ತಳಿಗಳ ತುಲನೆಯನ್ನು ಕಡೆಗೆ ಉಳಿಸಿಕೊಂಡದ್ದೇ ಅವುಗಳಲ್ಲಿ ಪ್ರಧಾನವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಗಿಡದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿಂದ ಏಷ್ಯಾ ಆಫ್ರಿಕಗಳಿಗೆ ಬಂದು ಹರಡಿದ್ದು ಅಲ್ಲಿಯ ವೈವಿಧ್ಯದ ಅತ್ಯಲ್ಪಾಂಶ ಮಾತ್ರವಾದುದರಿಂದ, ನಮ್ಮ ದೇಶದ ಬೇರೆಬೇರೆ ಪ್ರಾಂತಗಳ ಬೀಜವನ್ನು ತಂದು ಹೋಲಿಸಿದರೂ ವಂಶಗುಣದಲ್ಲಿ ಕಾಣುವ ಭೇದ ಸ್ವಲ್ಪವೇ. ಮೆಕ್ಸಿಕೊದ ವೆರಾಕ್ರೂಸ್ ಪ್ರಾಂತದಲ್ಲಾದರೋ ಜನರು ಹುರಿದು ತಿನ್ನುವ ವಿಷರಹಿತ ತಳಿಗಳೇ ಉಂಟು. ನಮ್ಮಲ್ಲಿಯ ಕಾಡುಹರಳಿನ ಹಿಂಡಿ ಫೋರ್ಬಾಲ್ ಎಸ್ಟರುಗಳೆಂಬ ವಿಷದ ದೆಸೆಯಿಂದ ದನಕ್ಕೆ ಸಲ್ಲದೆ ಗೊಬ್ಬರಕ್ಕಷ್ಟೇ ಸಲ್ಲುತ್ತದೆ. ಹಿಂಡಿ ಮೇವಾಗುವಂತಿದ್ದರೆ ಬೆಳೆಗಾರನ ಲೆಕ್ಕಾಚಾರವೇ ಬದಲಾದೀತು.

ಎಣ್ಣೆಯ ಅಂಶವೊಂದರಿಂದಲೇ ತಳಿಯ ಯೋಗ್ಯತೆಯನ್ನು ನಿರ್ಣಯಿಸಲಾಗದು. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯಿದ್ದರೂ ಕಾಯಿಯನ್ನೇ ಕಟ್ಟದ ಗಿಡದಿಂದ ಪ್ರಯೋಜನವೇನು? ಒಂದು ಹೂಗೊಂಚಲನ್ನು ಬಗ್ಗಿಸಿ ನೋಡಿದರೆ, ಸಾಮಾನ್ಯವಾಗಿ ಒಂದು ಹೆಣ್ಣು ಹೂವಿಗೆ ಇಪ್ಪತ್ತು ಮೂವತ್ತು ಗಂಡು ಹೂಗಳಿರುತ್ತವೆ. ಕಾಯಾಗುವುದು ಆ ಹೆಣ್ಣು ಹೂ ಮಾತ್ರ. ಮುಂದೆ ಅದೇ ಗೊಂಚಲಿನಲ್ಲಿ ಹಸಿರು ಕಾಯಿ, ಹಳದಿ ಹಣ್ಣು, ಒಣಗಿ ಕಪ್ಪಾದ ಕಾಯಿ ಏಕಕಾಲದಲ್ಲಿ ತೂಗುವುದರಿಂದ, ಆಳುಗಳು ಅದೇ ಗಿಡಕ್ಕೆ ಮತ್ತೆ ಮತ್ತೆ ಹೋಗಿ ಕೀಳಬೇಕಾಗಿ, ಬೀಜದ ಹಣವೆಲ್ಲ ಕೂಲಿಗೇ ಸಂದುಹೋಗುತ್ತದೆ. ಆದುದರಿಂದ ಹೆಣ್ಣು ಹೂ ಅಧಿಕವಾಗಿರುವ, ಒಮ್ಮೆಗೇ ಮಾಗುವ ತಳಿಗಳನ್ನು ಅರಸಬೇಕು. ಬರದಲ್ಲಿ ಜೀವ ಹಿಡಿದಿರುವುದು ಬೇರೆ, ಬರದಲ್ಲಿಯೂ ಫಲ ಕೊಡುವುದು ಬೇರೆ. ಈ ಎರಡನ್ನು ಒಂದೇ ಎಂದು ಬಗೆದುದರ ನಷ್ಟವನ್ನು ತೆತ್ತವರು ರೈತರು.

ನಮ್ಮ ಕೃಷಿ ವಿಶ್ವವಿದ್ಯಾಲಯಗಳು ತವರುನಾಡಿನ ತಳಿಗಳನ್ನು ಕ್ರಮಬದ್ಧವಾಗಿ ತರಿಸಿ, ನೀರು ಗೊಬ್ಬರಗಳುಳ್ಳ ಪ್ರಯೋಗದ ತಾಕಿನಲ್ಲಲ್ಲದೆ ಮಳೆಯನ್ನೇ ನಂಬಿದ ಬಡಮಣ್ಣಿನಲ್ಲಿ, ನಮಗೆ ಚಿರಪರಿಚಿತವಾದ ಹೊಂಗೆಯ ಜೊತೆಯಲ್ಲಿಯೇ ಹಲವು ವರ್ಷ ಬೆಳೆಸಿ ತೂಗಿ ನೋಡಲಿ. ಅಲ್ಲಿಯ ತನಕ, ತಳಿಯ ಹೆಸರನ್ನೂ ಅಂತಹ ನೆಲದಲ್ಲಿ ಅದು ಕೊಟ್ಟ ಇಳುವರಿಯ ದಾಖಲೆಯನ್ನೂ ತಿಳಿಸದೆ ಯಾವ ಇಲಾಖೆಯೂ ರೈತನ ಕೈಗೆ ಒಂದು ಸಸಿಯನ್ನೂ ಕೊಡಕೂಡದು.